ಶಾಸ್ತ್ರಕ್ಕೊಂದು ತೊಟ್ಟು

ಮುನಿವೆಂಕಟಮ್ಮ ಗಂಡನ ಅಂಗೈಗೆ ಹರಳೆಣ್ಣೆ ಸುರಿದಳು. ಪಿಳ್ಳಪ್ಪ ಅದನ್ನು ನೆತ್ತಿಗೆ ಒಯ್ಯಲಿಲ್ಲ. ಜಗಲಿಯ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಅಂಗೈಯ ಗುಳಿಯಲ್ಲಿ ನಿಂತ ಎಣ್ಣೆಯನ್ನು ಅದು ಬೇರೆ ಯಾರದೋ ಮನೆಯದು ಎನ್ನುವ ಹಾಗೆ ನೋಡುತ್ತಿದ್ದ. ನಲವತ್ತೈದು ವರ್ಷದಿಂದ ಇದೇ ಎಣ್ಣೆ. ಹುಟ್ಟಿದಾಗ ನೆತ್ತಿಗೆ ಒತ್ತಿದ್ದು ಇದನ್ನೇ, ಹೊಟ್ಟೆ ಕಟ್ಟಿದಾಗ ಮೂಗು ಹಿಡಿದು ಕುಡಿಸಿದ್ದು ಇದನ್ನೇ. ಗಾಡಿಯ ಕೀಲಿಗೆ, ಎತ್ತಿನ ಕೊಂಬಿಗೆ, ಕಿರುಗುಟ್ಟುವ ಬಾಗಿಲಿಗೆ, ಉಳುಕಿದ ಮಂಡಿಗೆ ಎಲ್ಲಕ್ಕೂ ಇದೇ. ಇದು ಯಾರಿಗಾದರೂ ಕೆಡುಕು ಮಾಡಿದ್ದನ್ನು ಅವನು ಕಂಡಿರಲಿಲ್ಲ. ಆದರೆ ಈಗ ಬಲಗೈಯ ತೋರುಬೆರಳು ಆ ಎಣ್ಣೆಯನ್ನು ಮುಟ್ಟಲು ಒಪ್ಪದೆ ಸೆಟೆದು ನಿಂತಿತ್ತು. ಬೆರಳಿಗೆ ಏನೋ ನೆನಪಾಗಿತ್ತು. ಬೆರಳಿಗೆ ನೆನಪಾದದ್ದು ತಲೆಗೆ ಹತ್ತಲು ಇನ್ನೊಂದು ಗಳಿಗೆ ಹಿಡಿಯಿತು. ಪಿಳ್ಳಪ್ಪನ ತಲೆ ಎಂದೂ ಅವಸರದ್ದಲ್ಲ.

“ಅದೇನ್ ಎಣ್ಣೇಲಿ ಮುಖ ನೋಡ್ಕೊಳ್ತಿರೋದು?” ಎಂದಳು ಮುನಿವೆಂಕಟಮ್ಮ. “ಗಾಳಿ ಕಾಯೋಕೆ ಹೊತ್ತಾಗಲಿಲ್ವಾ?”

ಗಾಳಿ ಕಾಯುವುದು ಎಂದರೆ ಅವನ ನೌಕರಿ. ಹೆಂಡತಿ ಹುಟ್ಟಿಸಿದ ಈ ಮಾತು ಈಗ ಇಡೀ ಕುಂದಾಣದ ಸೊತ್ತಾಗಿತ್ತು. ಐದು ಮೈಲಿ ಆಚೆ ದೇವನಹಳ್ಳಿಯಲ್ಲಿ, ಬಳ್ಳಾರಿ ರಸ್ತೆಯ ಪಕ್ಕದಲ್ಲಿ ಲಕ್ಷ್ಮಯ್ಯನ ಬಸ್ಸು ರಿಪೇರಿ ಶೆಡ್ಡು. ಯುದ್ಧದ ಐದನೇ ವರ್ಷ. ಪೆಟ್ರೋಲು ಕಣ್ಣಿಗೆ ಬೀಳದೆ ಬಸ್ಸುಗಳೆಲ್ಲ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಓಡುತ್ತಿದ್ದ ಕಾಲ. ಆ ಒಲೆಗಳು ವಾರಕ್ಕೊಂದು ಕಡೆ ಬಿರಿಯುತ್ತಿದ್ದವು, ಅಸದುಲ್ಲಾ ಎಂಬ ಗ್ಯಾಸ್ ವೆಲ್ಡರು ಅವನ್ನು ಬೆಸೆಯುತ್ತಿದ್ದ. ಅವನ ಬೆಂಕಿಗೆ ಬೇಕಾದ ಆಕ್ಸಿಜನ್ ಬೆಂಗಳೂರಿನ ಡಿಪೋದಿಂದ ಹದಿನೈದು ದಿನಕ್ಕೊಮ್ಮೆ ಲಾರಿಯಲ್ಲಿ, ಎದೆಯೆತ್ತರದ ಕಪ್ಪು ಸಿಲಿಂಡರುಗಳಲ್ಲಿ ಬರುತ್ತಿತ್ತು. ಅವುಗಳನ್ನು ಬೀಳಿಸದೆ ಇಳಿಸಿಕೊಳ್ಳುವುದು, ನೆರಳಿನಲ್ಲಿ ಗೋಡೆಗೆ ನಿಲ್ಲಿಸಿ ಸರಪಳಿ ಬಿಗಿಯುವುದು, ವಾಲ್ವಿನ ಮೇಲೆ ಕಬ್ಬಿಣದ ಟೋಪಿ ತಿರುಗಿಸಿ ಹಾಕುವುದು, ಹತ್ತಿರ ಬಂದು ಬೀಡಿ ಹಚ್ಚುವವರನ್ನು ಅಟ್ಟುವುದು, ವಾಲ್ವು ತೆರೆಯುವ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಓಡಾಡುವುದು ಪಿಳ್ಳಪ್ಪನ ಕೆಲಸ. ಹೊಲ ತಮ್ಮ ಗೋಪಾಲಪ್ಪನ ಪಾಲಿಗೆ ಬಿಟ್ಟು, ದೇವರು ಪುಕ್ಕಟೆ ಕೊಟ್ಟ ಗಾಳಿಯನ್ನು ಕಬ್ಬಿಣದಲ್ಲಿ ತುಂಬಿಟ್ಟು ಕಾಯುತ್ತಾನೆ ಎಂದು ಊರು ನಗುತ್ತಿತ್ತು. ನಗಲಿ. ಸೊಂಟದಲ್ಲಿ ಕೀಲಿ ಇರುವವನಿಗೂ ಇಲ್ಲದವನಿಗೂ ನಡಿಗೆಯಲ್ಲೇ ವ್ಯತ್ಯಾಸ ಇರುತ್ತದೆ ಎಂದು ಪಿಳ್ಳಪ್ಪ ನಂಬಿದ್ದ.

ಅವತ್ತು ಮಾತ್ರ ಅವನು ಅಂಗೈಯ ಎಣ್ಣೆಯನ್ನು ಹೆಂಡತಿಯ ಬಟ್ಟಲಿಗೇ ವಾಪಸು ಬಸಿದು, ಸೀಗೆಪುಡಿ ಹಾಕಿ ಮೂರು ಸಲ ಕೈ ತಿಕ್ಕಿ, ಒಣತಲೆಯಲ್ಲೇ ರಸ್ತೆ ಹಿಡಿದ. ಎರಡೂ ಕಡೆ ರಾಗಿ ತೆನೆ ಕಟ್ಟುತ್ತಿತ್ತು. ನಿನ್ನೆ ವಿಜಯದಶಮಿ, ಶೆಡ್ಡಿಗೆ ರಜ. ಮೊನ್ನೆ ಆಯುಧಪೂಜೆ. ಶೆಡ್ಡಿನಲ್ಲಿ ಆಯುಧಪೂಜೆ ಎಂದರೆ ಪಿಳ್ಳಪ್ಪನದೇ ಯಜಮಾನಿಕೆ. ಲಕ್ಷ್ಮಯ್ಯನೂ ಅವತ್ತು ಅವನು ಹೇಳಿದ ಕಡೆ ನಿಂತು, ಹೇಳಿದಾಗ ಕೈ ಮುಗಿದಿದ್ದ. ಸುತ್ತಿಗೆ, ಸ್ಪ್ಯಾನರು, ಜಾಕಿ, ಅಡಿಗಲ್ಲು, ಗರಗಸ ಎಲ್ಲವನ್ನೂ ತೊಳೆದು, ಒರೆಸಿ, ಒಂದೊಂದಕ್ಕೂ ಹರಳೆಣ್ಣೆ ಸವರಿ, ವಿಭೂತಿ ಎಳೆದು, ಕುಂಕುಮ ಇಟ್ಟು, ಚೆಂಡು ಹೂವು ಮುಡಿಸಿದ್ದ. ಅಸದುಲ್ಲಾನೂ ಬಂದು ಟೋಪಿ ಸರಿಮಾಡಿಕೊಂಡು ಬಾಗಿಲ ಬಳಿ ನಿಂತಿದ್ದ. ಕಡಲೆಪುರಿ ಬೆಲ್ಲವನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಹೊರಡುವಾಗ ಹೊಸದಾಗಿ ಬಂದ ಸಿಲಿಂಡರಿನ ಕಡೆ ತಿರುಗಿ ಹೇಳಿದ: “ಪಿಳ್ಳಪ್ಪಣ್ಣ, ಇದರ ಹೊಟ್ಟೆಗೆ ಕುಂಕುಮ ಇಡಿ, ಹೂವು ಮುಡಿಸಿ, ಎಷ್ಟು ಬೇಕಾದ್ರೂ ಅಡ್ಡಬೀಳಿ. ಎಣ್ಣೆ ಮಾತ್ರ ಬೇಡ.” ಪಿಳ್ಳಪ್ಪ ತಲೆಯಾಡಿಸಿದ್ದ. ಆಡಿಸುವಾಗ ಅದು ನಿಜವಾದ ತಲೆಯಾಡಿಸುವಿಕೆಯೇ ಆಗಿತ್ತು.

ಎಲ್ಲರೂ ಹೋದ ಮೇಲೆ ಶೆಡ್ಡಿನಲ್ಲಿ ಅವನೊಬ್ಬನೇ ಉಳಿದ. ಎಲ್ಲ ಮಿನುಗುತ್ತಿತ್ತು. ಗೋಡೆಯ ಬದಿಯಲ್ಲಿ ಆ ಕಪ್ಪು ಸಿಲಿಂಡರು ಮಾತ್ರ, ಮದುವೆ ಮನೆಯಲ್ಲಿ ಎಲೆ ಹಾಕದೆ ಕೂರಿಸಿದ ನೆಂಟನ ಹಾಗೆ ನಿಂತಿತ್ತು. ಪಿಳ್ಳಪ್ಪನಿಗೆ ತಡೆಯಲಿಲ್ಲ. ಅದರ ಮೇಲೆ ಅವನಿಗೆ ಒಳಗೊಳಗೇ ಮಮತೆ. ಯಾರೂ ಇಲ್ಲದಾಗ ಅದನ್ನು ಕರಿಯಾ ಎಂದು ಕರೆಯುತ್ತಿದ್ದ. ಸಂಕ್ರಾಂತಿಗೆ ಎತ್ತಿನ ಕೊಂಬಿಗೆ ಎಣ್ಣೆ ಹಚ್ಚದೆ ಬಿಟ್ಟರೆ ಎತ್ತು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತದೆ ಎಂದು ಅಪ್ಪ ಹೇಳುತ್ತಿದ್ದ. ಹಾಗೆ ನೋಡಿದರೆ ಪಿಳ್ಳಪ್ಪನ ಲೋಕದಲ್ಲಿ ಮಾಡುವ ಕೆಲಸ ಎರಡು ಬಗೆ. ಒಂದು, ಮಾಡುವುದಕ್ಕೆ ಮಾಡುವುದು. ಇನ್ನೊಂದು, ಶಾಸ್ತ್ರಕ್ಕೆ ಮಾಡುವುದು. ಎರಡನೆಯದು ಲೆಕ್ಕಕ್ಕೆ ಬರುವುದಿಲ್ಲ. ಉಪವಾಸದ ದಿನ ಶಾಸ್ತ್ರಕ್ಕೆ ತಿಂದ ಹಿಡಿ ಅವಲಕ್ಕಿ ಊಟವಲ್ಲ. ಬೀಗರು ಬಡಿಸುವಾಗ ಶಾಸ್ತ್ರಕ್ಕೆ ಬೇಡ ಎಂದದ್ದು ಬೇಡ ಎಂದಂತಲ್ಲ. ಸಿಲಿಂಡರಿನ ಟೋಪಿ ತಿರುಗಿಸಿ ತೆಗೆದ. ಹಿತ್ತಾಳೆಯ ವಾಲ್ವಿನ ಬಾಯಿಗೆ ತೋರುಬೆರಳಿನಿಂದ ಶಾಸ್ತ್ರಕ್ಕೊಂದು ತೊಟ್ಟು ಹಚ್ಚಿ, ಮಗುವಿನ ನೆತ್ತಿಗೆ ಒತ್ತುವ ಹಾಗೆ ಮೆಲ್ಲಗೆ ಒತ್ತಿದ. ಆಗಲೇ ಮನಸ್ಸಿನಲ್ಲಿ ಒಂದು ಮಾತು ಹಾದು ಹೋಗಿತ್ತು. ಸಾಬರಿಗೆ ನಮ್ಮ ಶಾಸ್ತ್ರ ಏನು ಗೊತ್ತು ಎಂದು. ರಾಗಿ ಹೊಲಗಳ ನಡುವೆ ನಡೆಯುತ್ತಾ ಈಗ ಆ ಮಾತು ನೆನಪಾಗಿ ಅವನಿಗೆ ನಾಚಿಕೆಯಾಯಿತು. ಎಣ್ಣೆಗಿಂತ ಅದೇ ಹೆಚ್ಚು ಅಂಟು ಅನಿಸಿತು.

ಗೊತ್ತಿಲ್ಲದೆ ಮಾಡಿದ್ದು ಎನ್ನೋಣ ಎಂದರೆ ಅದೂ ಇಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರವೇ ಅಸದುಲ್ಲಾ ಅವನ ಎಣ್ಣೆಗೂದಲನ್ನು ನೋಡಿ, ಪಕ್ಕಕ್ಕೆ ಕರೆದು ಒಂದು ಆಟ ತೋರಿಸಿದ್ದ. ಇಟ್ಟಿಗೆಯ ಮೇಲೆ ಹರಳೆಣ್ಣೆಯಲ್ಲಿ ನೆನೆಸಿದ ಬತ್ತಿ. ಹಚ್ಚಿ, ಊದಿ ಆರಿಸಿದ್ದು, ತುದಿಯಲ್ಲಿ ಸಾಸಿವೆಯಷ್ಟು ಕೆಂಪು. ರಬ್ಬರು ನಳಿಕೆಯಿಂದ ಅದರ ಕಡೆಗೆ ಒಂದೇ ಉಸಿರು ಆಕ್ಸಿಜನ್ ಬಿಟ್ಟ. ಬತ್ತಿ ಭಗ್ಗೆಂದು ಎದ್ದು, ಬಿಳಿಯ ಬೆಳಕಾಗಿ, ಇಟ್ಟಿಗೆಯ ಮೇಲೆ ಏನೂ ಉಳಿಸದೆ ಹೋಯಿತು. “ಇಲ್ಲಿ ಕಿಡಿ ಇತ್ತು ಅಂತ ಅಂದ್ಕೋಬೇಡಿ,” ಎಂದಿದ್ದ ಅಸದುಲ್ಲಾ. “ಸಿಲಿಂಡರಿನ ಬಾಯಲ್ಲಿ ಎಣ್ಣೆ ಇದ್ರೆ ಕಿಡಿನೂ ಬೇಕಾಗಿಲ್ಲ. ಒಳಗಿರೋದು ನುಗ್ಗಿ ಬರೋ ರಭಸವೇ ಕಿಡಿ. ಆ ಹೊತ್ತಿಗೆ ಎದುರಿಗೆ ಯಾರ ಮುಖ ಇರುತ್ತೋ ಅವರ ಮುಖ.” ಪಿಳ್ಳಪ್ಪ ಆವತ್ತು ಊರಿಗೆ ಬಂದು ಈ ಕಥೆಯನ್ನು ಹತ್ತು ಜನಕ್ಕೆ, ತಾನೇ ಕಂಡುಹಿಡಿದವನ ಹಾಗೆ ಹೇಳಿದ್ದ. ಹೇಳಿದ ಬುದ್ಧಿ ಹೇಳಿದವನ ಹತ್ತಿರ ಉಳಿಯುವುದಿಲ್ಲ ಎಂಬುದು ಎಷ್ಟು ನಿಜ. ಎದುರಿಗೆ ಯಾರ ಮುಖ ಇರುತ್ತೋ. ಶೆಡ್ಡಿನಲ್ಲಿ ವಾಲ್ವಿನ ಎದುರು ಇರುವುದು ಒಂದೇ ಮುಖ. ಮೂವತ್ತು ವರ್ಷದ, ಕುರುಚಲು ಗಡ್ಡದ, ನಗುವಾಗ ಎಡಗಣ್ಣು ಮುಚ್ಚಿಹೋಗುವ ಮುಖ. ಪಿಳ್ಳಪ್ಪ ಹೆಜ್ಜೆ ಬಿರುಸು ಮಾಡಿದ. ಹೋದ ತಕ್ಷಣ ಹೇಳಿಬಿಡುವುದು. ಬಾಗಿಲಲ್ಲೇ ಹೇಳಿಬಿಡುವುದು.

ಬಾಗಿಲಲ್ಲಿ ಚಿಕ್ಕವೆಂಕಟಪ್ಪ ನಿಂತಿದ್ದ. ಬಸ್ಸಿನ ಡ್ರೈವರು, ಬಾಯಿಗೆ ಬೀಗವಿಲ್ಲದವನು; ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಚಿಕ್ಕಬಳ್ಳಾಪುರ ಮುಟ್ಟುತ್ತಿತ್ತು. ಅವನ ಬಸ್ಸಿನ ಇದ್ದಿಲ ಒಲೆ ಹಬ್ಬದ ದಿನವೇ ಬಿರಿದು, ಈಗ ಬಿಚ್ಚಿ ಅಂಗಳದಲ್ಲಿ ಮಲಗಿಸಿತ್ತು. ಇವನು ಇರುವಾಗ ಬೇಡ, ಇವನು ಕಾಫಿಗೆ ಹೋಗಲಿ ಎಂದುಕೊಂಡ ಪಿಳ್ಳಪ್ಪ. ಒಳಗೆ ಅಸದುಲ್ಲಾ ಸೋಪು ಹಾಕಿ ಕೈ ತೊಳೆದು, ಬಿಳಿ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಿದ್ದ. ಪ್ರತಿ ಬೆಳಿಗ್ಗೆಯಂತೆ, “ತೋರ್ಸಿ ಅಣ್ಣ,” ಎಂದ. ಪಿಳ್ಳಪ್ಪ ಎರಡೂ ಅಂಗೈ ಚಾಚಿದ. ಅಸದುಲ್ಲಾ ಬಗ್ಗಿ ಮೂಸಿ ನೋಡಿದ. ಮೊಮ್ಮಗನನ್ನು ಆಡಿಸುವ ವಯಸ್ಸಿನಲ್ಲಿ ಮಗ್ಗಿ ತಪ್ಪಿದವನ ಹಾಗೆ ಕೈ ಚಾಚಿ ನಿಲ್ಲುವುದು ಪಿಳ್ಳಪ್ಪನಿಗೆ ದಿನವೂ ಒಂದು ಮುಳ್ಳು. ಅವತ್ತು ಮಾತ್ರ ಆ ಮೂಗು ಇನ್ನಷ್ಟು ಹೊತ್ತು ಇರಲಿ, ಬೆರಳಿನ ಸಂದಿಯಲ್ಲಿ ಮೊನ್ನೆಯದೇನಾದರೂ ಉಳಿದಿದ್ದರೆ ತಾನಾಗಿ ಹಿಡಿಯಲಿ ಎಂದು ಕಾದ. ಸೀಗೆಪುಡಿ ಅಷ್ಟು ಚೆನ್ನಾಗಿ ತೊಳೆದಿತ್ತು.

“ಒಳ್ಳೆ ಕೈ,” ಎಂದ ಅಸದುಲ್ಲಾ. ಆಮೇಲೆ ತಲೆಯ ಕಡೆ ನೋಡಿ ಎಡಗಣ್ಣು ಮುಚ್ಚಿ ನಕ್ಕ. “ಇದೇನು, ಇವತ್ತು ತಲೆಗೂ ಎಣ್ಣೆ ಇಲ್ಲ. ಅತ್ತಿಗೆ ಹತ್ರ ಜಗಳ ಮಾಡ್ಕೊಂಡು ಬಂದ್ರಾ?”

“ಹಂಗೇನಿಲ್ಲ ಸಾಬ್ರೆ.”

“ನನ್ನ ಮಾತು ತಲೆಗೆ ಹತ್ತೋಕೆ ಒಂದು ವರ್ಷ ಬೇಕಾಯ್ತು ನೋಡಿ. ಹತ್ತಿತಲ್ಲ, ಸಾಕು.”

ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಪಿಳ್ಳಪ್ಪನ ಬಾಯಿ ತೆರೆದೂ ಇತ್ತು. ಆದರೆ ಹೊಗಳಿಸಿಕೊಂಡ ಬಾಯಿಂದ ಅಂಥ ಮಾತು ಹೇಗೆ ಬರಬೇಕು? ಒಂದು ವರ್ಷದಲ್ಲಿ ಆ ಮನುಷ್ಯ ಅವನನ್ನು ಹೊಗಳಿದ್ದು ಇದೇ ಮೊದಲು. ಅದನ್ನು ಒಂದು ನಿಮಿಷವಾದರೂ ಇಟ್ಟುಕೊಳ್ಳೋಣ ಎಂದು ಆಸೆಯಾಯಿತು. ಅಷ್ಟರಲ್ಲಿ ಲಕ್ಷ್ಮಯ್ಯ ಬಂದ. ಯಜಮಾನನ ಎದುರು ಬೇಡ. ಲಕ್ಷ್ಮಯ್ಯ ಒಳ್ಳೆಯವನೇ, ಆದರೆ ಬೈಯಲು ನಿಂತರೆ ಬೈಗುಳ ಮೂರು ತಲೆಮಾರಿಗೆ ಹಂಚಿಹೋಗುತ್ತಿತ್ತು, ಕೊನೆಗೆ ಕೀಲಿ ಇಟ್ಟು ಹೋಗು ಎನ್ನುತ್ತಿದ್ದ. ಕೀಲಿ ಇಲ್ಲದೆ ಊರಿಗೆ ಹೋಗುವುದು, ಗೋಪಾಲಪ್ಪನ ಹಿಂದೆ ನೇಗಿಲು ಹಿಡಿದು ಹೋಗುವುದು, ಯಾಕಪ್ಪ ಗಾಳಿ ಖಾಲಿಯಾಯ್ತಾ ಎಂದು ಅರಳೀಕಟ್ಟೆ ಕೇಳುವುದು. ಕಣ್ಣೆದುರಿಗೆ ಅದೆಲ್ಲ ನಡೆದೇಹೋಯಿತು. ಇನ್ನೊಬ್ಬನ ಮುಖ ಸುಡುವುದಕ್ಕಿಂತ ತನ್ನ ಮುಖ ಕೆಡುವುದು ದೊಡ್ಡದಾಗಿ ಕಂಡಿತಲ್ಲ ಎಂದು ಆ ಕ್ಷಣವೇ ಅನಿಸಿತು. ಅನಿಸಿದರೂ ಬಾಯಿ ಮುಚ್ಚಿಕೊಂಡಿತು.

ಅಲ್ಲದೆ ಇನ್ನೂ ಹೊತ್ತಿತ್ತು. ಹಳೆಯ ಸಿಲಿಂಡರಿನಲ್ಲಿ ಸ್ವಲ್ಪ ಉಳಿದಿದೆ ಎಂದು ಅಸದುಲ್ಲಾ ಅದನ್ನೇ ಜೋಡಿಸಿದ. ಉರಿಯುವ ಗ್ಯಾಸು ಕೊಡುವ ಕಾರ್ಬೈಡ್ ಡ್ರಮ್ಮಿನಿಂದ ಬೆಳ್ಳುಳ್ಳಿಯಂಥ ವಾಸನೆ ಎದ್ದಿತು, ನೀಲಿ ಜ್ವಾಲೆ ಹರಿಯಿತು. ಪಿಳ್ಳಪ್ಪ ಹೊಸ ಸಿಲಿಂಡರಿನ ಪಕ್ಕದಲ್ಲಿ, ಅದರ ಹೊಟ್ಟೆಯ ಕುಂಕುಮಕ್ಕೆ ಭುಜ ತಾಗಿಸಿ ನಿಂತ. ಹಳೆಯದೇ ಸಾಲಲಿ ಎಂದು ಕುಂದಾಣದ ಬೆಟ್ಟದ ಚೆನ್ನರಾಯನಿಗೆ ಹರಕೆ ಹೊತ್ತ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಟೋಪಿ ಬಿಚ್ಚಿ ಬಟ್ಟೆಯಲ್ಲಿ ಒರೆಸಿಬಿಡುವುದು. ಬರೀ ಬಟ್ಟೆ ಸಾಲದಿದ್ದರೆ ಸೀಮೆಎಣ್ಣೆ ಹಾಕಿ ಒರೆಸುವುದು. ಸೀಮೆಎಣ್ಣೆಯೂ ಎಣ್ಣೆಯೇ ಎಂದು ಹೊಳೆಯಲು ಮತ್ತೊಂದು ಗಳಿಗೆ ಹಿಡಿಯಿತು. ತಾನು ಯೋಚನೆ ಮಾಡುವುದನ್ನು ನಿಲ್ಲಿಸಿದರೆ ಅಸದುಲ್ಲಾನಿಗೆ ಅಷ್ಟರಮಟ್ಟಿಗೆ ಕ್ಷೇಮ ಎಂದು ತೋರಿತು. ಅಲ್ಲಿ ಅಸದುಲ್ಲಾ ಕಪ್ಪು ಕನ್ನಡಕ ಹಾಕಿ, ತನ್ನ ಹೆಂಡತಿ ದಿಲ್ಶಾದ್ ಹೊಲಿದ ದಪ್ಪ ಅಂಗಿಯ ತೋಳು ಇಳಿಬಿಟ್ಟುಕೊಂಡು ಬಗ್ಗಿದ್ದ. ಆ ತೋಳಿಗೆ ಎರಡು ಕಡೆ ತೇಪೆ ಇತ್ತು. ತೇಪೆಯ ಹೊಲಿಗೆ ಎಷ್ಟು ಸಣ್ಣದು, ಎಷ್ಟು ಒತ್ತಾದದ್ದು ಎಂದು ಪಿಳ್ಳಪ್ಪ ಅಷ್ಟು ದೂರದಿಂದ ಎಣಿಸುತ್ತಿದ್ದ. ಒಂದು ತೇಪೆಗೆ ಅಷ್ಟು ಹೊತ್ತು ಕೂತವಳಿಗೆ ನಾಳೆ ಏನು ಹೇಳುವುದು? ಹತ್ತೂವರೆಯ ಹೊತ್ತಿಗೆ ಜ್ವಾಲೆ ಹಳದಿಗೆ ತಿರುಗಿ, ಎರಡು ಸಲ ಪಟ್ ಪಟ್ ಎಂದು ಸಿಡಿದು ಕುಗ್ಗಿತು.

“ಮುಗೀತು ಇದು,” ಎಂದ ಅಸದುಲ್ಲಾ, ಕನ್ನಡಕ ಹಣೆಗೆ ಏರಿಸಿ. “ಹೊಸದನ್ನ ತೆಗೀಬೇಕು. ಕೀಲಿ ಕೊಡಿ ಅಣ್ಣ.”

“ಕೀಲಿ,” ಎಂದ ಪಿಳ್ಳಪ್ಪ. ಕೀಲಿ ಅವನ ಹೊಟ್ಟೆಗೆ ತಣ್ಣಗೆ ಒತ್ತುತ್ತಿತ್ತು. “ಕೀಲಿ ಮನೇಲೇ ಬಿಟ್ಬಂದೆ ಅಂತ ಕಾಣುತ್ತೆ.”

ಒಂದು ವರ್ಷದಲ್ಲಿ ಸ್ನಾನಕ್ಕೂ ಬಿಚ್ಚದ ಕೀಲಿ. ಲಕ್ಷ್ಮಯ್ಯ ಕಣ್ಣು ಕಿರಿದು ಮಾಡಿ ನೋಡಿದ. ಚಿಕ್ಕವೆಂಕಟಪ್ಪ ಸ್ಟೂಲಿನ ಮೇಲೆ ಕೂತಲ್ಲಿಂದಲೇ, “ಕುಂದಾಣದಲ್ಲಿ ಗಾಳಿ ಬೀಸ್ತಿಲ್ಲ ಅಂತಿದ್ರು, ಇವನು ಬೀಗ ಹಾಕಿ ಬಂದಿದಾನೆ ಕಣ್ರಪ್ಪಾ,” ಎಂದ. ಎಲ್ಲರೂ ನಕ್ಕರು. ಪಿಳ್ಳಪ್ಪನೂ ನಕ್ಕ, ಐದು ಮೈಲಿ ಹೋಗಿ ಐದು ಮೈಲಿ ಬಂದರೆ ಮೂರು ಗಂಟೆ ಸಿಕ್ಕುತ್ತದೆ, ಅಷ್ಟರೊಳಗೆ ಏನಾದರೂ ತೋಚುತ್ತದೆ ಎಂಬ ಸಮಾಧಾನದ ನಗು ಅದು. ಆಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ.

“ಅಷ್ಟು ದೂರ ಯಾಕೆ ಹೋಗ್ತೀರಿ, ನನ್ನ ಪೆಟ್ಟಿಗೇಲಿ ಇನ್ನೊಂದಿದೆ,” ಎಂದು ಅಸದುಲ್ಲಾ ಪೆಟ್ಟಿಗೆ ತೆರೆದು ಕೀಲಿ ತೆಗೆದ. ಸಿಲಿಂಡರಿನ ಹತ್ತಿರ ಬಂದು, ಸರಪಳಿ ಬಿಗಿಯಾಗಿದೆಯೇ ಎಂದು ಎಳೆದು ನೋಡಿ, ಟೋಪಿಯನ್ನು ತಿರುಗಿಸತೊಡಗಿದ. ಒಂದು ಸುತ್ತು, ಎರಡು ಸುತ್ತು. ಅದು ಬೆಣ್ಣೆಯಂತೆ ತಿರುಗುತ್ತಿತ್ತು. ಟೋಪಿ ಕೈಗೆ ಬಂತು. ರೆಗ್ಯುಲೇಟರು ಜೋಡಿಸುವ ಮೊದಲು ವಾಲ್ವನ್ನು ಒಂದು ಚಣ ತೆರೆದು, ಬಾಯಲ್ಲಿರುವ ಧೂಳು ಹಾರಿಸುವುದು ಅಸದುಲ್ಲಾನ ಪದ್ಧತಿ. ಅವನ ಕೀಲಿ ವಾಲ್ವಿನ ಮೇಲೆ ಕೂತಿತು. ಪಿಳ್ಳಪ್ಪ ಯೋಚನೆ ಮಾಡಲಿಲ್ಲ, ಅದೇ ಒಳ್ಳೆಯದಾಯಿತು. ಅವನ ಬಲಗೈ ಹೋಗಿ ಕೀಲಿಯನ್ನೂ ವಾಲ್ವನ್ನೂ ಒಟ್ಟಿಗೆ ಹಿಡಿದುಕೊಂಡಿತು.

“ಕೈ ತೆಗೀರಿ ಅಣ್ಣ.”

“ಎಣ್ಣೆ ಇದೆ.”

“ಎಲ್ಲಿ?”

“ಬಾಯಲ್ಲಿ. ನಾನೇ ಹಚ್ಚಿದ್ದು. ಮೊನ್ನೆ ಪೂಜೇಲಿ.” ಆಮೇಲೆ, ಅದರಿಂದ ಏನಾದರೂ ಕಡಿಮೆಯಾಗುತ್ತದೆ ಎನ್ನುವಂತೆ ಸೇರಿಸಿದ: “ಶಾಸ್ತ್ರಕ್ಕೊಂದು ತೊಟ್ಟು.”

ಅಸದುಲ್ಲಾ ಕೀಲಿಯನ್ನು ಮೆಲ್ಲಗೆ, ತಿರುಗದ ಹಾಗೆ ಎತ್ತಿದ. ಬಗ್ಗಿ ವಾಲ್ವನ್ನು ಮೂಸಿದ. ಟೋಪಿಯನ್ನು ಮತ್ತೆ ಹಾಕಿ ಬಿಗಿದ. ತನ್ನ ಕೈಯನ್ನು ಸೋಪು ಹಾಕಿ ತೊಳೆದು ಬಂದು, ಮಗುಚಿದ ಡಬ್ಬದ ಮೇಲೆ ಕೂತ. ಮೊದಲು ಬಾಯಿ ಬಂದದ್ದು ಲಕ್ಷ್ಮಯ್ಯನಿಗೆ. ಬಂದದ್ದು ಪಿಳ್ಳಪ್ಪನ ಅಜ್ಜನವರೆಗೂ ಹೋಗಿ ಬಂತು. “ಕತ್ತೆ ಕಾಯೋಕೂ ಲಾಯಕ್ಕಿಲ್ಲ ಕಣಲಾ ನೀನು,” ಎಂದು ಮುಗಿಸಿ, ಅಸದುಲ್ಲಾನ ಕಡೆ ತಿರುಗಿ ದನಿ ತಗ್ಗಿಸಿದ. “ಒಂದು ತೊಟ್ಟು ತಾನೆ ಸಾಬ್ರೆ? ಬಟ್ಟೇಲಿ ಒರೆಸಿದ್ರೆ ಹೋಗಲ್ವಾ? ಬಸ್ಸು ಮಧ್ಯಾಹ್ನ ಹೊರಡ್ಬೇಕಲ್ಲ.”

“ಹೋಗಲ್ಲ. ಒಳಗೆ ಇಳಿದಿರುತ್ತೆ. ಡಿಪೋದಲ್ಲೇ ಬಿಚ್ಚಿ ತೊಳೀಬೇಕು.” ಅಸದುಲ್ಲಾನ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಪಿಳ್ಳಪ್ಪನಿಗೆ ಹೆಚ್ಚು ಭಯವಾಯಿತು. “ಪಿಳ್ಳಪ್ಪಣ್ಣ, ನಿಮಗೆ ನೆನಪಾಗಿದ್ದು ಯಾವಾಗ? ಈಗಲಾ?”

ಈಗಲೇ ಎಂದುಬಿಡಬಹುದಿತ್ತು. ಎಷ್ಟು ಸುಲಭ. “ಬೆಳಿಗ್ಗೆ,” ಎಂದ. “ತಲೆಗೆ ಎಣ್ಣೆ ಹಚ್ಕೊಳ್ಳುವಾಗ.”

“ನಾನು ಕೈ ಮೂಸಿದೆನಲ್ಲ, ಆಗ ಗೊತ್ತಿತ್ತು?”

“ಗೊತ್ತಿತ್ತು.”

ಅಸದುಲ್ಲಾ ಅವನ ಒಣತಲೆಯನ್ನು ನೋಡಿದ. “ಎರಡು ಗಂಟೆ ಹೊತ್ತು ನನ್ನ ಪಕ್ಕದಲ್ಲೇ ನಿಂತಿದ್ರಿ,” ಎಂದ. ಪ್ರಶ್ನೆಯಲ್ಲ, ಸುಮ್ಮನೆ ಹೇಳಿದ್ದು. ಪಿಳ್ಳಪ್ಪ ಉಡಿದಾರದಿಂದ ಕೀಲಿ ಬಿಚ್ಚಿ ಅವನ ಮುಂದೆ ನೆಲದ ಮೇಲಿಟ್ಟ. ಮನೆಯಲ್ಲಿ ಬಿಟ್ಟು ಬಂದ ಕೀಲಿ ಸೊಂಟದಿಂದ ಹೊರಬಂದದ್ದನ್ನು ಎಲ್ಲರೂ ನೋಡಿದರು. ಅವನು ತನ್ನ ಪಾಡಿಗೆ ಹೋಗಲು ಎದ್ದಾಗ ಅಸದುಲ್ಲಾ ಕರೆದ. ಡಿಪೋದ ಲಾರಿ ಬರಲು ಇನ್ನೂ ಹತ್ತು ದಿನ. ಅಷ್ಟು ದಿನ ಇದು ಬೆಂಕಿಯ ಕೆಲಸ ನಡೆಯುವ ಶೆಡ್ಡಿನಲ್ಲಿ ಇರಕೂಡದು. ಇದ್ದಿಲು ಬಸ್ಸಿನ ಮೇಲೆ ಕೆಂಡದ ಪಕ್ಕ ಹಾಕಿ ಕಳಿಸುವ ಹಾಗೂ ಇಲ್ಲ. ಎತ್ತಿನ ಗಾಡಿಯಲ್ಲೇ ಹೋಗಬೇಕು, ಜೊತೆಗೊಬ್ಬ ಇರಬೇಕು, ಯಾರೂ ಟೋಪಿ ಮುಟ್ಟದ ಹಾಗೆ ನೋಡಿಕೊಳ್ಳಬೇಕು. “ಚೀಟಿ ಅಂಟಿಸಬಹುದು. ದಾರೀಲಿ ಓದೋರು ಯಾರು? ಕೇಳಿದೋರಿಗೆಲ್ಲ ನೀವೇ ಬಾಯಲ್ಲಿ ಹೇಳ್ಕೊಂಡು ಹೋಗಿ.”

ಮರುದಿನ ಕೋಳಿ ಕೂಗುವ ಹೊತ್ತಿಗೆ, ಊರಿಂದ ಗೋಪಾಲಪ್ಪ ತಂದ ಗಾಡಿ ಶೆಡ್ಡಿನಿಂದ ಹೊರಟಿತು. ಸಿಲಿಂಡರನ್ನು ಗೋಣಿಚೀಲದ ಮೇಲೆ ಮಲಗಿಸಿ, ಎರಡೂ ಕಡೆ ಮರದ ಬೆಣೆ ಕೊಟ್ಟು, ಮೂರು ಕಡೆ ಹಗ್ಗ ಬಿಗಿದು, ಬಿಸಿಲಿಗೆ ಮೇಲೊಂದು ಒದ್ದೆ ಚೀಲ ಹೊದಿಸಿತ್ತು. ಗೋಪಾಲಪ್ಪ ಕೀಲೆಣ್ಣೆಯ ಬಿದಿರು ಗೊಟ್ಟ ಹಿಡಿದು ಚಕ್ರದ ಹತ್ತಿರ ಬಗ್ಗಿದಾಗ ಪಿಳ್ಳಪ್ಪ ಅವನ ಕೈ ಹಿಡಿದ. ಬೇಡ ಎಂದ. “ಕೀಲೆಣ್ಣೆ ಹಾಕ್ದೆ ಬೆಂಗ್ಳೂರಿಗಾ? ಅಣ್ಣ, ತಲೆ ಸರಿಯಾಗೈತಾ?” ಎಂದ ಗೋಪಾಲಪ್ಪ. ಚಕ್ರಕ್ಕೆ ಹಾಕಿದರೆ ಏನೂ ಆಗುವುದಿಲ್ಲ ಎಂದು ಅಸದುಲ್ಲಾ ಹೇಳಿದ್ದು ನಿಜ. ಆದರೆ ಪಿಳ್ಳಪ್ಪ ಇನ್ನು ಯಾವ ಕಡೆಯೂ ಒಂದು ತೊಟ್ಟನ್ನೂ ನಂಬಲು ಸಿದ್ಧನಿರಲಿಲ್ಲ. ಹೀಗಾಗಿ ಗಾಡಿ ಕಿರುಗುಟ್ಟುತ್ತಾ ಹೊರಟಿತು. ಕಿರುಗುಟ್ಟುವುದು ಎಂದರೆ ಅಂಥಿಂಥದಲ್ಲ. ಹಂದಿಯ ಕುತ್ತಿಗೆ ಹಿಚುಕಿದಂಥ ಆ ಸದ್ದು ಗಾಡಿಗಿಂತ ಎರಡು ಫರ್ಲಾಂಗು ಮುಂದೆ ಹೋಗಿ, ಪಿಳ್ಳಪ್ಪ ಬರುತ್ತಿದ್ದಾನೆ ಎಂದು ಸಾರುತ್ತಿತ್ತು. ಹೊಲದಲ್ಲಿದ್ದವರು ನೆಟ್ಟಗೆ ನಿಂತು ನೋಡಿದರು. ಬಾವಿಕಟ್ಟೆಯ ಹೆಂಗಸರು ಕಿವಿ ಮುಚ್ಚಿಕೊಂಡರು. “ಅಯ್ಯೋ, ಒಂದು ತೊಟ್ಟು ಎಣ್ಣೆ ಹಾಕಪ್ಪ, ಪುಣ್ಯ ಬತ್ತದೆ,” ಎಂದು ದಾರಿಯುದ್ದಕ್ಕೂ ಜನ ಕೂಗಿ ಹೇಳುತ್ತಿದ್ದರು.

ಮೊದಲು ಕೇಳಿದವನಿಗೆ ಪಿಳ್ಳಪ್ಪ, “ಯಾರೋ ಇದಕ್ಕೆ ಎಣ್ಣೆ ಹಚ್ಬಿಟ್ಟವ್ರೆ, ಅದಕ್ಕೇ,” ಎಂದ. ಎರಡನೆಯವನಿಗೆ, “ನಮ್ಮ ಶೆ‍ಡ್ಡಲ್ಲಿ ಹಚ್ಬಿಟ್ರು,” ಎಂದ. ಚಿಕ್ಕಜಾಲದ ಹತ್ತಿರ ಎಳನೀರು ಮಾರುವ ಮುದುಕಿ ಸಪ್ಪಲಮ್ಮ ಬಿಡಲಿಲ್ಲ. ಯಾರು, ಯಾಕೆ, ಎಷ್ಟು ಎಂದು ಕೆದಕಿದಳು. ಬೇಸತ್ತು, “ನಾನೇ ಕಣವ್ವ,” ಎಂದುಬಿಟ್ಟ. ಆಕಾಶ ಬೀಳಲಿಲ್ಲ. ಮುದುಕಿ ಹಲ್ಲಿಲ್ಲದ ಬಾಯಲ್ಲಿ ನಕ್ಕು, ಎಳನೀರಿನ ಗಂಜಿಯನ್ನು ಇನ್ನೊಂದಿಷ್ಟು ಕೆರೆದು ಕೊಟ್ಟಳು. ಅಲ್ಲಿಂದ ಮುಂದೆ ಅವನಿಗೆ ಬಾಯಿ ಬಂತು. ಯಲಹಂಕ ಮುಟ್ಟುವ ಹೊತ್ತಿಗೆ ಕಥೆಗೆ ಕೈಕಾಲು ಮೂಡಿದ್ದವು: ಎಲೆ ಹಾಕದ ನೆಂಟ ಬಂದ, ಲಕ್ಷ್ಮಯ್ಯನ ಬೈಗುಳ ಬಂತು, ಸೊಂಟದಿಂದ ಕೀಲಿ ಹೊರಬಂದ ಭಾಗಕ್ಕೆ ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಹೆಬ್ಬಾಳದಲ್ಲಿ ಎತ್ತಿಗೆ ನೀರು ಕುಡಿಸುವಾಗ ಅವನಾಗಿಯೇ ಇಬ್ಬರನ್ನು ಕರೆದು ಹೇಳಿದ. ತಪ್ಪು ಒಪ್ಪಿಕೊಳ್ಳುವುದು ಇಷ್ಟು ಸುಖ ಎಂದು ಗೊತ್ತಿದ್ದರೆ ಬೆಳಿಗ್ಗೆಯೇ ಒಪ್ಪಿಕೊಳ್ಳಬಹುದಿತ್ತು. ಎರಡು ಗಂಟೆಯ ವಿಷಯವನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಅದು ಕಥೆಯಲ್ಲಿ ಎಲ್ಲೂ ಸರಿಯಾಗಿ ಕೂರುತ್ತಿರಲಿಲ್ಲ.

ಡಿಪೋ ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. ಕಿಟಕಿಯ ಹಿಂದೆ ಕನ್ನಡಕದ ಗುಮಾಸ್ತ ತಲೆ ಎತ್ತದೆ ಕೇಳಿದ: “ಎಣ್ಣೇನಾ?”

ಪಿಳ್ಳಪ್ಪ ಬೆಚ್ಚಿದ. “ನಿಮಗೆ ಹೆಂಗೆ ಗೊತ್ತಾಯ್ತು ಸ್ವಾಮಿ?”

“ಹಬ್ಬ ಆದ ವಾರ ನನಗೆ ಇದೇ ಕೆಲಸ. ಅಲ್ಲಿ ಸಾಲಲ್ಲಿ ನಿಲ್ಲಿಸಿ.”

ತಗಡಿನ ಮಾಡಿನ ಕೆಳಗೆ ಎಂಟು ಸಿಲಿಂಡರು ಸರಪಳಿ ಬಿಗಿಸಿಕೊಂಡು ನಿಂತಿದ್ದವು. ಎಂಟಕ್ಕೂ ಕುಂಕುಮ. ಕೆಲವಕ್ಕೆ ಬಾಡಿದ ಚೆಂಡು ಹೂವು. ಒಂದಕ್ಕೆ ಯಾರೋ ಭಕ್ತಿ ಹೆಚ್ಚಾಗಿ ಸುಣ್ಣದಲ್ಲಿ ಕಣ್ಣು, ಮೀಸೆ ಬರೆದಿದ್ದರು. ಪಿಳ್ಳಪ್ಪನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು, ಅದರ ಹಿಂದೆಯೇ ಸಣ್ಣ ಅಸಮಾಧಾನವೂ ಆಯಿತು. ಇಡೀ ಸೀಮೆಯಲ್ಲಿ ತಾನೊಬ್ಬನೇ ಮಾಡಿದ್ದು ಎಂದುಕೊಂಡಿದ್ದ. ಮೀಸೆಯವನನ್ನು ನೋಡಿ ನಗು ತಡೆಯದೆ ಗುಮಾಸ್ತನ ಕಡೆ ತಿರುಗಿದ. ತನ್ನ ಕಥೆಗೆ ಇದನ್ನೂ ಸೇರಿಸಬಹುದಲ್ಲ ಎಂದು ಆಗಲೇ ಜೋಡಿಸುತ್ತಿದ್ದ. ಆಗ ಸಾಲಿನಿಂದ ಆಚೆ, ಗೋಡೆಯ ಬುಡದಲ್ಲಿ ಒಂಬತ್ತನೆಯದು ಕಂಡಿತು. ಅದನ್ನು ನಿಲ್ಲಿಸಿರಲಿಲ್ಲ, ಮಲಗಿಸಿದ್ದರು. ಅದರ ವಾಲ್ವಿನ ಹಿತ್ತಾಳೆ ಕರಗಿ, ಕಪ್ಪಾಗಿ, ಒಂದು ಕಡೆಗೆ ಸೋರಿ ಗಟ್ಟಿಯಾಗಿತ್ತು. ಹೊಟ್ಟೆಯ ಮೇಲೆ ಕುಂಕುಮ ಮಾತ್ರ ಇಟ್ಟ ಹಾಗೇ ಇತ್ತು. ಮೂರು ಬೆರಳಿನಿಂದ ಜೋಪಾನವಾಗಿ ಇಟ್ಟದ್ದು.

“ಅದಕ್ಕೂ ಎಣ್ಣೇನಾ ಸ್ವಾಮಿ?”

“ಅದಕ್ಕೂ ಎಣ್ಣೇನೇ,” ಎಂದ ಗುಮಾಸ್ತ. “ಅದರವರು ಹೇಳಲಿಲ್ಲ.”

“ವಾಲ್ವು ತೆಗೆದವರು?”

ಬರೆಯುತ್ತಿದ್ದ ಪೆನ್ಸಿಲು ನಿಂತಿತು. “ಆಸ್ಪತ್ರೇಲಿದ್ದಾರಂತೆ. ಒಂದು ಕಣ್ಣು ಉಳಿಯಬಹುದು ಅಂದ್ರು.” ಮತ್ತೆ ಪೆನ್ಸಿಲು ಓಡಿತು. “ನಿಮ್ಮದಕ್ಕೆ ಹಚ್ಚಿದ್ದು ಯಾರು, ಹೇಳಿ. ಬರ್ಕೋಬೇಕು.”

ಬೆಳಗಿನಿಂದ ಮೂವತ್ತು ಜನಕ್ಕೆ ಹೇಳಿದ ಮಾತು. ಬಾಯಿಪಾಠವಾಗಿದ್ದದ್ದು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಕಣ್ಣರಳಿಸಬೇಕು, ಎಲ್ಲಿ ಜನ ನಗುತ್ತಾರೆ ಎಲ್ಲವೂ ಗೊತ್ತಿತ್ತು. ಆ ಮೂವತ್ತು ಸಲವೂ ತಾನು ಹೇಳಿದ್ದು ಶಾಸ್ತ್ರಕ್ಕೆ ಎಂದು ಪಿಳ್ಳಪ್ಪನಿಗೆ ಈಗ, ಗೋಡೆಯ ಬುಡದಲ್ಲಿ ಮಲಗಿದ್ದದ್ದನ್ನು ನೋಡುತ್ತಾ ತಿಳಿಯಿತು. ಅವನು ಕಿಟಕಿಯ ಸರಳು ಹಿಡಿದುಕೊಂಡ.

“ನಾನು,” ಎಂದ. “ಪಿಳ್ಳಪ್ಪ. ಕುಂದಾಣ.”

ಗುಮಾಸ್ತ ಬರೆದುಕೊಂಡ. ಇನ್ನು ಹೋಗಬಹುದು ಎಂಬಂತೆ ತಲೆಯಾಡಿಸಿದ. ಪಿಳ್ಳಪ್ಪ ಹೋಗಲಿಲ್ಲ.

“ಗೊತ್ತಿದ್ದೂ ಎರಡು ಗಂಟೆ ಹೊತ್ತು ಹೇಳಲಿಲ್ಲ ಸ್ವಾಮಿ. ಅದನ್ನೂ ಬರ್ಕೊಳ್ಳಿ.”

ಗುಮಾಸ್ತ ಮೊದಲ ಸಲ ತಲೆ ಎತ್ತಿ ಅವನ ಮುಖ ನೋಡಿದ. ಕಾಗದವನ್ನು ಮೇಲಿಂದ ಕೆಳಗೆ ನೋಡಿದ. “ಅದಕ್ಕೆ ಇದರಲ್ಲಿ ಜಾಗ ಇಲ್ಲವಲ್ಲಪ್ಪ,” ಎಂದ.

ಹಿಂದೆ ಇನ್ನೊಂದು ಗಾಡಿ ಬಂದು ನಿಂತು, ಅದರವನು ದಾರಿ ಬಿಡು ಎಂದು ಕೂಗುತ್ತಿದ್ದ. ಪಿಳ್ಳಪ್ಪ ಸರಳು ಬಿಡದೆ ಅಲ್ಲೇ ನಿಂತಿದ್ದ.